ತವರಲ್ಲಿ ಆಗಿದೆ

ನಮ್ಮ ತಾಲ್ಲೂಕು ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದ ರಿಜಿಸ್ಟರಿನಲ್ಲಿ ಮೊದಲು ಒಂಬತ್ತು ಕಾಲಮ್ಮುಗಳಿದ್ದವು. ಹತ್ತನೆಯದನ್ನು ಹೊಸದಾಗಿ ಬಂದ ಮಕ್ಕಳ ಡಾಕ್ಟರು ತಾವೇ ಸ್ಕೇಲಿಟ್ಟು ಕೆಂಪು ಶಾಯಿಯಲ್ಲಿ ಎಳೆದು, ಮೇಲೆ 'ಲಸಿಕೆ' ಎಂದು ಬರೆದರು. ಆರು ವರ್ಷದೊಳಗಿನ ಯಾವ ಮಗು ಯಾವ ಕಾರಣಕ್ಕೆ ಬಂದರೂ, ಚೇಳು ಕಚ್ಚಲಿ, ಕಟ್ಟೆಯಿಂದ ಬೀಳಲಿ, ಮೂಗಿನಲ್ಲಿ ಶೇಂಗಾ ಬೀಜ ತೂರಿಸಿಕೊಂಡು ಬರಲಿ, ಅದರ ಲಸಿಕೆ ಎಲ್ಲಿಗೆ ಬಂದಿದೆ ಎಂದು ಕೇಳಬೇಕು. ಬಾಕಿ ಇದ್ದರೆ ಮನೆಗೆ ಹೋಗುವ ಮುನ್ನ ಪಕ್ಕದ ಲಸಿಕೆ ಕೋಣೆಗೆ ಕಳಿಸಬೇಕು.

"ಆರೋಗ್ಯವಾಗಿರೋ ಮಗುನ ಯಾರೂ ಇಲ್ಲಿಗೆ ಕರ್ಕೊಂಡು ಬರಲ್ಲ ಸಿಸ್ಟರ್. ಬಂದಾಗಲೇ ಹಿಡೀಬೇಕು" ಎಂದರು. ಅವರು ಮೈಸೂರು ಕಡೆಯವರು. ಅವರ 'ಬರಲ್ಲ, ಇರಲ್ಲ' ಕೇಳಿ ನಮ್ಮ ಆಯಾ ಸೆರಗು ಬಾಯಿಗಿಟ್ಟು ನಗುತ್ತಿದ್ದಳು.

ನನಗೆ ನಗು ಬರಲಿಲ್ಲ, ಸಿಟ್ಟು ಬಂತು. ಇಬ್ಬರು ನರ್ಸುಗಳು ಮಾಡುವ ಕೆಲಸವನ್ನು ಒಬ್ಬಳೇ ಮಾಡುತ್ತಿದ್ದ ದಿನಗಳು ಅವು. ಒಂದು ಕಡೆ ಹಾವು ಕಚ್ಚಿದವನ ಕಾಲು, ಇನ್ನೊಂದು ಕಡೆ ಬೈಕಿನಿಂದ ಬಿದ್ದವನ ತಲೆ, ನಡುವೆ 'ಯಾವಾಗ ನೋಡ್ತೀರಿ' ಎಂದು ಮೇಜು ಗುದ್ದುವ ಸಂಬಂಧಿಕರು. ಇದರಲ್ಲಿ ನಾನು ಲಸಿಕೆಯ ಪುರಾಣ ಬಿಚ್ಚಿಕೊಂಡು ಕೂರಬೇಕು. ಕೋಳಿಯನ್ನು ಕೇಳಿ ಯಾರಾದರೂ ಮಸಾಲೆ ಅರೆಯುತ್ತಾರೆಯೇ? ನಮ್ಮನ್ನು ಕೇಳದೆ ಕಾಲಮ್ಮು ಬಂತು, ತುಂಬುವ ಕೆಲಸ ನಮ್ಮ ಪಾಲಿಗೆ ಬಿತ್ತು.

ಕೇಳತೊಡಗಿದ ಮೇಲೆ ಗೊತ್ತಾಯಿತು, ಉತ್ತರ ಹೆಚ್ಚುಕಡಿಮೆ ಎಲ್ಲರದೂ ಒಂದೇ. "ಕಾರ್ಡ್ ಎಲ್ಲೈತಿ?" ಎಂದರೆ "ತವರಾಗ ಐತ್ರಿ." "ಸೂಜಿ ಆಗ್ಯಾವ?" ಎಂದರೆ "ತವರಾಗ ಆಗ್ಯಾವ್ರಿ." ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲ್ಲೂಕುಗಳ ನಡುವೆ ಹೆಣ್ಣು ಕೊಡುವುದು ತರುವುದು ಹಿಂದಿನಿಂದ ನಡೆದುಕೊಂಡು ಬಂದದ್ದು. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರುತ್ತಾಳೆ. ಬಾಣಂತನ ಮುಗಿಸಿ ಐದನೆಯ ತಿಂಗಳಿಗೆ ಕೂಸಿನ ಸಮೇತ ಗಂಡನ ಮನೆಗೆ ಹೋಗುತ್ತಾಳೆ. ಅವಳ ಜೊತೆ ತೊಟ್ಟಿಲು ಹೋಗುತ್ತದೆ, ಕುಂಚಿಗೆ ಹೋಗುತ್ತದೆ, ಬುತ್ತಿ ಹೋಗುತ್ತದೆ. ಬಸಿರಿನಿಂದ ಹಿಡಿದು ಕೂಸಿನ ಕೊನೆಯ ಲಸಿಕೆಯವರೆಗೆ ಎಲ್ಲವನ್ನೂ ಬರೆಯುವ ತಾಯಿ ಕಾರ್ಡ್ ಮಾತ್ರ ತವರಿನ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಉಳಿದುಬಿಡುತ್ತದೆ. ನನ್ನ ದೊಡ್ಡ ಮಗನ ಕಾರ್ಡೂ ಹಾಗೆಯೇ ಉಳಿದಿತ್ತು. ನಾನು ನರ್ಸಾಗಿದ್ದೂ ಅದನ್ನು ತರಿಸಿಕೊಳ್ಳಲು ಎರಡು ವರ್ಷ ಹಿಡಿಯಿತು.

ಹೀಗಾಗಿ ಒಂದು ಸುಲಭದ ದಾರಿ ಕಂಡುಕೊಂಡೆ. 'ತವರಲ್ಲಿ ಆಗಿದೆ' ಎಂದು ಬರೆದು ಮುಂದಿನ ರೋಗಿಯ ಕಡೆ ತಿರುಗುವುದು. ತಿಂಗಳ ಕೊನೆಗೆ ಡಾಕ್ಟರು ರಿಜಿಸ್ಟರ್ ತಿರುವಿ ಹಾಕಿದರು. ಹತ್ತನೆಯ ಕಾಲಮ್ಮಿನಲ್ಲಿ ಒಂದು ಮನೆಯೂ ಖಾಲಿ ಇಲ್ಲದ್ದು ನನ್ನ ಪಾಳಿಯಲ್ಲಿ ಮಾತ್ರ ಎಂದು ಎಲ್ಲರೆದುರು ಹೊಗಳಿದರು. ನಾನು ಉಬ್ಬಿದ್ದೂ ನಿಜ. ಪಾಪ, ಅವರಿಗೆ ಈ ತವರಿನ ವ್ಯವಹಾರ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಗೊತ್ತಿದ್ದೂ ಬರೆದೆ.

ಆ ಹುಡುಗಿ ಮೊದಲ ಸಲ ಬಂದದ್ದು ಗೋವಿನಜೋಳದ ಕಟಾವಿನ ದಿನಗಳಲ್ಲಿ, ಒಂದು ಮಧ್ಯಾಹ್ನ. ನಾಲ್ಕು ವರ್ಷದವಳು. ಹುಲಗೂರಿನ ಆಚೆಗಿನ ಒಂದು ಹಳ್ಳಿಯವರು. ಹಿತ್ತಲಲ್ಲಿ ಬಿದ್ದಿದ್ದ ತಗಡನ್ನು ತುಳಿದು ಅಂಗಾಲು ಹರಿದುಕೊಂಡಿದ್ದಳು. ತಾಯಿ ಅವಳನ್ನು ಎತ್ತಿಕೊಂಡಿದ್ದಳು. ಹಿಂದೆ ಅತ್ತೆ, ಸೊಂಟದ ಮೇಲೆ ಐದು ತಿಂಗಳ ಗಂಡು ಕೂಸು, ಹುಡುಗಿಯ ತಮ್ಮ.

ಮೂರು ಹೊಲಿಗೆ ಬಿದ್ದವು. ಡಾಕ್ಟರು ಹೊಲಿಯುವಾಗ ಹುಡುಗಿ ಅಳದೆ ಕತ್ತು ಚಾಚಿ ನೋಡುತ್ತಲೇ ಇದ್ದಳು. "ನಮ್ಮವ್ವನೂ ಹೊಲೀತಾಳ, ಜಂಪರ" ಎಂದಳು. "ಹೌದೇನು? ನಿಮ್ಮವ್ವ ಹೊಲಿಯೂಮುಂದ ಜಂಪರ ಅಳತೈತೇನು?" ಎಂದು ನಾನು ಕೇಳಿದೆ. ಆ ಪ್ರಶ್ನೆಯನ್ನು ಅವಳು ಬಹಳ ಗಂಭೀರವಾಗಿ ತೆಗೆದುಕೊಂಡು, ಸ್ವಲ್ಪ ಯೋಚಿಸಿ, "ಇಲ್ಲ, ಅದಕ್ಕ ನಾನೂ ಅಳಾಕತ್ತಿಲ್ಲ" ಎಂದಳು. ಡಾಕ್ಟರೂ ನಕ್ಕುಬಿಟ್ಟರು.

ಪಟ್ಟಿ ಕಟ್ಟಿ ಧನುರ್ವಾಯುವಿನ ಇಂಜೆಕ್ಷನ್ ಕೊಟ್ಟು ರಿಜಿಸ್ಟರಿಗೆ ಬಂದೆ. ಮೇಜಿನ ಹತ್ತಿರ ನಿಂತಿದ್ದವರು ಅತ್ತೆ. ಹಿರಿಯರು ಇದ್ದಾಗ ಹಿರಿಯರನ್ನೇ ಕೇಳುವುದು ನಮ್ಮ ಕಡೆಯ ರೀತಿ, ಅದರಲ್ಲಿ ನನಗೆ ಏನೂ ತಪ್ಪು ಕಾಣಲಿಲ್ಲ.

"ಆಯಿ, ಹುಡುಗಿಗೆ ಲಸಿಕಿ ಎಲ್ಲಾ ಹಾಕ್ಸೀರೇನು?"

"ಎಲ್ಲಾ ತವರಾಗ ಆಗ್ಯಾವ್ರಿ ಬಾಯಾರ. ನಮ್ಮ ಬೀಗರು ಬಾಣಂತನಕ್ಕ ಏನೂ ಕಡಿಮಿ ಮಾಡಿಲ್ಲ, ಹೆಸರಿಡಂಗಿಲ್ಲ."

ಸೊಸೆ ಆಗ ತಲೆ ಎತ್ತಿದಳು. ನನ್ನನ್ನು ನೋಡಿದಳು, ಏನೋ ಹೇಳಲು ತುಟಿ ಬಿಚ್ಚಿದಳು. ಅತ್ತೆ ಅವಳ ಕಡೆ ತಿರುಗಿದ್ದೇ ತಡ, ಬಗ್ಗಿ ಮಗಳ ಫ್ರಾಕು ಸರಿಮಾಡತೊಡಗಿದಳು. ಇದನ್ನು ನಾನು ನೋಡಿದೆ. ನೋಡಿಲ್ಲ ಎಂದು ಇವತ್ತು ಹೇಳಿದರೆ ಸುಳ್ಳಾಗುತ್ತದೆ. ಅಷ್ಟರಲ್ಲಿ ಒಕ್ಕುವ ಯಂತ್ರಕ್ಕೆ ಬೆರಳು ಕೊಟ್ಟವನೊಬ್ಬನನ್ನು ನಾಲ್ಕು ಜನ ಹೊತ್ತು ತಂದರು. 'ತವರಲ್ಲಿ ಆಗಿದೆ' ಎಂದು ಬರೆದು ಎದ್ದೆ.

ಸಂಕ್ರಾಂತಿ ಮುಗಿದು ವಾರವಾಗಿತ್ತು. ಬೆಳಗಿನ ಪಾಳಿ. ಅದೇ ಅತ್ತೆ ಸೊಸೆ ಅದೇ ಹುಡುಗಿಯನ್ನು ಕರೆತಂದರು. ಮೂರು ದಿನದಿಂದ ಜ್ವರ, ನುಂಗಲು ಆಗುತ್ತಿಲ್ಲ. ಕುತ್ತಿಗೆ ಎರಡೂ ಬದಿಗೆ ಬಾತು ಗದ್ದಕ್ಕೆ ಸಮನಾಗಿತ್ತು. ಅದರ ಮೇಲೆ ಕೆಮ್ಮಣ್ಣು ಹಚ್ಚಿದ್ದರು.

"ಮಂಗನಬಾವು ಅಂತ ತಿಳದಿದ್ವಿರಿ" ಎಂದರು ಅತ್ತೆ. "ಎರಡು ದಿನ ಬಿಟ್ರ ಇಳೀತೈತಿ ಅಂದ್ರು ಎಲ್ಲಾರೂ. ನಿನ್ನಿಯಿಂದ ಮಾತೂ ಹೊಂಟಿಲ್ಲ."

ನಾನೂ ಮೊದಲು ಮಂಗನಬಾವು ಎಂದೇ ಅಂದುಕೊಂಡೆ. ಆದರೆ ಹುಡುಗಿ ಜೊಲ್ಲು ನುಂಗದೆ ಹೊರಗೆ ಬಿಡುತ್ತಿದ್ದಳು. ಉಸಿರು ಎಳೆದಾಗ ಗಂಟಲಲ್ಲಿ ಸಣ್ಣದಾಗಿ ಕೊರ್ ಎನ್ನುತ್ತಿತ್ತು. ಹತ್ತಿರ ಬಗ್ಗಿದಾಗ ಬಾಯಿಯಿಂದ ಕೊಳೆತ ವಾಸನೆ ಬಂತು. ತಾಯಿಯ ತೊಡೆಯ ಮೇಲೆ ಕೂರಿಸಿ, ಬಲವಂತ ಮಾಡದೆ, ಟಾರ್ಚ್ ಹಿಡಿದು ನಾಲಿಗೆಯನ್ನು ಚಪ್ಪಟೆ ಕಡ್ಡಿಯಿಂದ ಮೆಲ್ಲಗೆ ಒತ್ತಿದೆ. ಎರಡೂ ಬದಿಯಲ್ಲಿ ಬೂದು ಬಿಳಿಯ ಪೊರೆ, ಹಾಲು ಕುದಿದು ಆರಿದ ಮೇಲೆ ಕಟ್ಟುವ ಕೆನೆಯ ಹಾಗೆ. ಕಡ್ಡಿ ತಗುಲಿದ ಕಡೆ ರಕ್ತ ಜಿನುಗಿತು. ಹುಡುಗಿ ಅತ್ತಳು. ಬಾಯಿ ತೆರೆದಿತ್ತು, ಕಣ್ಣಲ್ಲಿ ನೀರು ಸುರಿಯುತ್ತಿತ್ತು, ದನಿ ಮಾತ್ರ ಇರಲಿಲ್ಲ.

ನರ್ಸಿಂಗ್ ಓದುವಾಗ ಪುಸ್ತಕದಲ್ಲಿ ಇದರ ಚಿತ್ರ ನೋಡಿದ್ದೆ. ಗಂಟಲುಮಾರಿ, ಡಿಫ್ತೀರಿಯಾ. ಓಡಿಹೋಗಿ ಡಾಕ್ಟರನ್ನು ಕರೆದೆ.

ಅವರು ನೋಡಿದರು, ಮತ್ತೊಮ್ಮೆ ನೋಡಿದರು. ಕೈ ತೊಳೆಯುತ್ತ ಮೊದಲು ಕೇಳಿದ್ದು "ಲಸಿಕೆ?"

ಹುಡುಗಿಯ ಹಳೆಯ ಚೀಟಿಯ ಮೇಲಿನ ತಾರೀಖು ನೋಡಿ ರಿಜಿಸ್ಟರ್ ತಿರುವಿದೆ. ಪುಟ ಸಿಕ್ಕಿತು. ಅಕ್ಷರ ನನ್ನದೇ, ದುಂಡಗೆ ನೀಟಾಗಿ ಬರೆದದ್ದು. ಡಾಕ್ಟರು ನನ್ನ ಹೆಗಲ ಮೇಲಿಂದ ಓದಿದರು.

"ಆಗಿದೆ ಅಂತಿದೆ. ಎಲ್ಲ ಡೋಸೂ ಆಗಿರೋ ಮಗುಗೆ ಇಷ್ಟು ಜೋರಾಗಿ ಬರೋದು ಅಪರೂಪ" ಎಂದರು. "ಬೇರೆ ಯಾವುದೋ ಗಂಟಲು ಸೋಂಕು ಇರಬಹುದು. ಆಂಟಿಬಯೋಟಿಕ್ ಶುರು ಮಾಡಿ ಸಂಜೆವರೆಗೂ ನೋಡೋಣವಾ..." ಎಂದು ತಮ್ಮಷ್ಟಕ್ಕೆ ಎಂಬಂತೆ ಹೇಳಿಕೊಂಡರು.

ಸಂಜೆಯವರೆಗೆ ನೋಡುವುದರ ಅರ್ಥ ನನಗೆ ಗೊತ್ತಿತ್ತು. ಗಂಟಲುಮಾರಿಯ ಕ್ರಿಮಿಯನ್ನು ಆಂಟಿಬಯೋಟಿಕ್ ಕೊಲ್ಲುತ್ತದೆ. ಆದರೆ ಕ್ರಿಮಿ ಈಗಾಗಲೇ ಕಾರಿದ ವಿಷ ರಕ್ತದಲ್ಲಿ ಹರಿದು ಹೃದಯಕ್ಕೆ ಹೋಗುತ್ತದೆ. ಅದನ್ನು ತಡೆಯುವ ಮದ್ದು ಬೇರೆ, ಆಂಟಿಟಾಕ್ಸಿನ್. ಅದು ನಮ್ಮಲ್ಲಿ ಇರುವುದಿಲ್ಲ. ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯಲ್ಲೂ ಮೊದಲೇ ಫೋನು ಮಾಡಿ ಹೇಳಿದರೆ ಹೊಂದಿಸಿ ಇಡುತ್ತಾರೆ. ತಡವಾದ ಪ್ರತಿ ಗಂಟೆಗೂ ಅದರ ಬಲ ಕಡಿಮೆ. ಈ ಹುಡುಗಿಗೆ ಆಗಲೇ ಮೂರು ದಿನ ಕಳೆದಿದ್ದವು.

ಆದರೂ ಮೊದಲು ನನ್ನ ತಲೆಯಲ್ಲಿ ಓಡಿದ್ದು ಹುಡುಗಿಯ ಚಿಂತೆಯಲ್ಲ. 'ಅತ್ತೆ ಹೇಳಿದ್ದನ್ನು ಬರೆದೆ, ನನ್ನದೇನು ತಪ್ಪು' ಎಂಬ ಮಾತು. ಎಲ್ಲರೆದುರು ಹೊಗಳಿಸಿಕೊಂಡ ಕಾಲಮ್ಮು ಅದು. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

"ಸರ್, ಅದನ್ನ ನಂಬಬ್ಯಾಡ್ರಿ" ಎಂದೆ. "ನಾ ಕಾರ್ಡ್ ನೋಡಿಲ್ಲ. ಬಾಯಿಮಾತು ಕೇಳಿ ಬರದೇನಿ."

"ಈ ಮಗುದು ಮಾತ್ರಾನಾ?"

"ತವರಲ್ಲಿ ಅಂತ ಬರದದ್ದು ಯಾವುದೂ ನೋಡಿಲ್ಲರಿ."

ಅವರು ರಿಜಿಸ್ಟರ್ ಮುಚ್ಚಿದರು. "ತಾಯಿನ ಕೇಳಿ. ಒಬ್ಬರನ್ನೇ ಕರ್ಕೊಂಡು ಹೋಗಿ" ಎಂದು ಫೋನು ಕೈಗೆತ್ತಿಕೊಂಡರು. ಬೇರೆ ಊರಿನಿಂದ ಬಂದವರಿಗೆ ಅಷ್ಟು ಬೇಗ ಹೊಳೆದದ್ದು ನನಗೆ ಇಷ್ಟು ದಿನ ಹೊಳೆದಿರಲಿಲ್ಲ.

ಹುಡುಗಿಯನ್ನು ಆಯಾಳ ತೊಡೆಗೆ ಕೊಟ್ಟು, ಸೊಸೆಯನ್ನು ಪರದೆಯ ಹಿಂದೆ ಕರೆದುಕೊಂಡು ಹೋದೆ.

"ತಂಗಿ, ಇಲ್ಲಿ ಯಾರೂ ಇಲ್ಲ. ಖರೆ ಹೇಳು, ಎಷ್ಟು ಆಗ್ಯಾವ?"

"ಹುಟ್ಟಿದಾಗಿಂದು, ಮತ್ತ ಒಂದೂವರಿ ತಿಂಗಳಿಂದು. ಅಷ್ಟ ರಿ."

"ಮುಂದಿನವು?"

ತಲೆ ಅಲ್ಲಾಡಿಸಿದಳು.

"ಅವತ್ತ ಯಾಕ ಹೇಳಲಿಲ್ಲವ್ವ?" ನನ್ನ ದನಿ ಏರಿತ್ತು. ತಪ್ಪು ಮಾಡಿದವರು ಜೋರು ಮಾಡುವುದು ಲೋಕದ ರೂಢಿಯಲ್ಲವೇ.

"ಅವತ್ತ ನೀವು ನನಗ ಕೇಳಲಿಲ್ಲರಿ" ಎಂದಳು. ದೂರುವ ದನಿ ಅಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ಆಮೇಲೆ ಎಲ್ಲ ಕೆಲಸವೂ ಒಟ್ಟೊಟ್ಟಿಗೆ ನಡೆಯಿತು. ಡಾಕ್ಟರು ಹುಬ್ಬಳ್ಳಿಗೆ ಫೋನು ಮಾಡಿ ಆಂಟಿಟಾಕ್ಸಿನ್ ಹೊಂದಿಸಲು ಹೇಳಿದರು. ಜಿಲ್ಲೆಯ ಆರೋಗ್ಯ ಕಚೇರಿಗೂ ತಿಳಿಸಿದರು. ನಾನು ಹತ್ತಿಯ ಕಡ್ಡಿಯಿಂದ ಗಂಟಲಿನ ಮಾದರಿ ತೆಗೆದು ಕೊಳವೆಯಲ್ಲಿಟ್ಟು ಹೆಸರು ಬರೆದೆ. ಅದಾದ ಮೇಲೆಯೇ ಆಂಟಿಬಯೋಟಿಕ್ಕಿನ ಮೊದಲ ಇಂಜೆಕ್ಷನ್. ಎಲ್ಲರಿಗೂ ಮಾಸ್ಕ್ ಹಾಕಿಸಿದೆವು. ಮಗುವನ್ನು ಮಲಗಿಸಬಾರದು, ಅಳಿಸಬಾರದು, ಕೂತ ಭಂಗಿಯಲ್ಲೇ ಸಾಗಿಸಬೇಕು, ದಾರಿಯಲ್ಲಿ ಉಸಿರು ಕಟ್ಟಿದರೆ ಎಂದು ಉಸಿರು ಒತ್ತುವ ಚೀಲ ಕೈಯಲ್ಲೇ ಇರಬೇಕು. ಡಾಕ್ಟರು ನನ್ನ ಮುಖ ನೋಡಿದರು. ಅವರು ಹೇಳುವ ಮೊದಲೇ "ನಾ ಹೋಗ್ತೇನಿ ಸರ್" ಎಂದೆ.

ಅಷ್ಟರಲ್ಲಿ ವಿಷಯ ತಿಳಿದಿದ್ದ ಅತ್ತೆ ಆಂಬುಲೆನ್ಸಿನ ಬಾಗಿಲು ಹಿಡಿದು ನಿಂತಿದ್ದರು. "ತವರಾಗ ಆಗ್ಯಾವಂತ ನಾನು ಊರೆಲ್ಲಾ ಹೇಳಿದ್ನಲ್ಲವ್ವ" ಎಂದರು ಸೊಸೆಗೆ. ಅದು ಬೈಗುಳವೋ ಅಳುವೋ ತಿಳಿಯಲಿಲ್ಲ. ಮನೆಯಲ್ಲಿ ನೆರೆಯವರ ಹತ್ತಿರ ಬಿಟ್ಟುಬಂದ ಗಂಡು ಕೂಸನ್ನು ನೋಡಿಕೊಳ್ಳಲು ಅವರು ಹಿಂದಿರುಗಿದರು.

ದಾರಿಯಲ್ಲಿ ಸೊಸೆ ಮಗಳನ್ನು ಎದೆಗೆ ಒರಗಿಸಿಕೊಂಡು ಕೂತಿದ್ದಳು. ನಾನು ಎದುರು ಕೂತು ಉಸಿರು ಎಣಿಸುತ್ತಿದ್ದೆ. ತಾನಾಗಿಯೇ ಮಾತು ತೆಗೆದಳು. ಒಂದೂವರೆ ತಿಂಗಳಿನ ಇಂಜೆಕ್ಷನ್ನಿಗೆ ಮಗಳಿಗೆ ಜ್ವರ ಬಂದು ತೊಡೆ ಗಡ್ಡೆ ಕಟ್ಟಿತ್ತಂತೆ. ರಾತ್ರಿಯಿಡೀ ಅತ್ತಿದ್ದಳಂತೆ. ಅವಳ ತಾಯಿ ಹೆದರಿ, "ಉಳದದ್ದು ಗಂಡನ ಮನ್ಯಾಗ ಹಾಕ್ಸಿಕೊಳ್ಳವ್ವ, ಇಲ್ಲಿ ಏನರ ಹೆಚ್ಚುಕಡಿಮಿ ಆದ್ರ ಬೀಗರಿಗೆ ಏನಂತ ಹೇಳೂದು" ಎಂದಳಂತೆ. ಗಂಡನ ಮನೆಗೆ ಹೋದ ದಿನವೇ ಅತ್ತೆ ನೆರೆಹೊರೆಯವರ ಮುಂದೆ, ಬೀಗರು ಎಲ್ಲ ಚಂದ ಮಾಡಿ ಕಳಿಸಿದ್ದಾರೆ, ಸೂಜಿ ಮದ್ದು ಒಂದೂ ಬಾಕಿ ಇಟ್ಟಿಲ್ಲ ಎಂದು ಹೊಗಳಿದರು. ಮನೆಗೆ ಬಂದ ಆಶಾ ಕಾರ್ಯಕರ್ತೆಗೂ ಅದೇ ಉತ್ತರ ಸಿಕ್ಕಿತು.

"ಹಂಗಂದ ಮ್ಯಾಲ ಇಲ್ಲ ಅಂತ ಹೆಂಗ ಹೇಳ್ಲಿರಿ? ನಮ್ಮವ್ವನ ಮರ್ಯಾದಿ ನಾನ ಕಳದಂಗ ಆಕ್ಕಿತ್ತು."

ತವರಿನ ಕೊರತೆಯನ್ನು ಅತ್ತೆಯ ಮುಂದೆ ಆಡಿದ ಸೊಸೆಯನ್ನು ನಮ್ಮ ಸೀಮೆಯಲ್ಲಿ ನಾನು ಕಂಡಿಲ್ಲ. ನಾನೂ ಆಡಿದವಳಲ್ಲ. ನಾನು ಕೇಳಬೇಕಿತ್ತು, ಕೇಳಬೇಕಾದವಳನ್ನು ಕೇಳಬೇಕಿತ್ತು, ಅಷ್ಟೇ.

ತವರು ಚಿಕ್ಕೇರೂರು. ಹೊರಡುವ ಮೊದಲೇ ಅಲ್ಲಿನ ಆಶಾ ಕಾರ್ಯಕರ್ತೆಗೆ ಫೋನು ಮಾಡಿ ಕಾರ್ಡ್ ಹುಡುಕಲು ಹೇಳಿದ್ದೆ. ತಡಸ ದಾಟುವ ಹೊತ್ತಿಗೆ ಮೊಬೈಲಿಗೆ ಫೋಟೊ ಬಂತು. ಮೇಲಿನ ಎರಡು ಸಾಲಿನಲ್ಲಿ ತಾರೀಖುಗಳು. ಮೂರನೆಯ ಸಾಲಿನ ಪಕ್ಕದಲ್ಲಿ, ಮುಂದಿನ ಸಲ ಯಾವತ್ತು ಬರಬೇಕೆಂದು ಯಾರೋ ಪೆನ್ಸಿಲ್ಲಿನಲ್ಲಿ ಬರೆದಿದ್ದರು. ಅಲ್ಲಿಂದ ಕೆಳಗೆ ಎಲ್ಲವೂ ಖಾಲಿ. ಫೋಟೊವನ್ನು ಡಾಕ್ಟರಿಗೂ ಹುಬ್ಬಳ್ಳಿಗೂ ಕಳಿಸಿದೆ.

ಹುಬ್ಬಳ್ಳಿಯಲ್ಲಿ ಕಾಯಿಸಲಿಲ್ಲ. ಮದ್ದು ಬಂದಿತ್ತು. ಮೊದಲು ಚರ್ಮದಡಿ ಒಂದು ಹನಿ ಕೊಟ್ಟು ಒಗ್ಗುತ್ತದೆಯೇ ಎಂದು ನೋಡಿದರು, ಆಮೇಲೆ ಸಲೈನಿನಲ್ಲಿ ಬೆರೆಸಿ ನಿಧಾನವಾಗಿ ಬಿಟ್ಟರು. ಹುಡುಗಿಯ ತಂದೆ ಕೆಲಸದಿಂದ ನೇರವಾಗಿ ಅಲ್ಲಿಗೆ ಬಂದ. ನಾನು ಸಂಜೆಯ ಬಸ್ಸು ಹಿಡಿದು ಊರಿಗೆ ಮರಳಿದೆ.

ಡಾಕ್ಟರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಸ್ವಲ್ಪ ಹಗುರಾಗುತ್ತಿತ್ತು. ಮರುದಿನ ರಿಜಿಸ್ಟರ್ ತೆಗೆದು ನನ್ನ ಮುಂದಿಟ್ಟು, "ಎಷ್ಟು ತವರು ಇವೆಯೋ ಎಲ್ಲಕ್ಕೂ ಫೋನ್ ಮಾಡೋಣ" ಎಂದರು. ಪಾಳಿ ಮುಗಿದ ಮೇಲೆ ನಾವಿಬ್ಬರೂ ಕೂತು ಮಾಡತೊಡಗಿದೆವು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಹಾಗೆ.

ಅವರ ಮೈಸೂರು ಮಾತು ಫೋನಿನಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಬ್ಯಾಂಕಿನವರು ಎಂದುಕೊಂಡು ಕೆಲವರು ಇಟ್ಟುಬಿಟ್ಟರು. ಕೊನೆಗೆ ಮಾತು ನನ್ನದು, ಬರವಣಿಗೆ ಅವರದು ಎಂದಾಯಿತು. ಸವಣೂರಿನ ಒಬ್ಬ ಅಜ್ಜಿ ನನಗೆ ಸರಿಯಾಗಿ ಜಾಡಿಸಿದಳು: "ಮೊಮ್ಮಗ ಬಿದ್ದಿದ್ದು ದೀಪಾವಳ್ಯಾಗ, ನೀವು ಈಗ ಎದ್ದೀರೇನು? ಕಾರ್ಡ್ ನನ್ನ ಹಂತ್ಯಾಕ ಐತಿ, ಎಲ್ಲಾ ತುಂಬೇತಿ, ಬೇಕಾದ್ರ ಬಂದು ನೋಡ್ರಿ!" ಆ ಬೈಗುಳ ಅವತ್ತು ನನಗೆ ಹಾಲು ಕುಡಿದಷ್ಟು ಸಮಾಧಾನ ಕೊಟ್ಟಿತು. ಹಾಗೆ ತುಂಬಿದ ಕಾರ್ಡುಗಳೂ ಬಹಳ ಇದ್ದವು. ಆದರೆ ಹಾನಗಲ್ ಕಡೆಯ ಒಂದು ಮನೆಯಲ್ಲಿ ಅಣ್ಣ ತಮ್ಮ ಇಬ್ಬರದೂ ಅರ್ಧಕ್ಕೆ ನಿಂತಿತ್ತು. ಗೊಟಗೋಡಿಯ ಒಂದು ಹೆಣ್ಣುಮಗುವಿಗೆ ಒಂಬತ್ತನೆಯ ತಿಂಗಳಿನಿಂದ ಮುಂದೆ ಏನೂ ಆಗಿರಲಿಲ್ಲ. ಕರೆಸಿದೆವು, ಬರದವರ ಊರಿಗೆ ಹೇಳಿ ಕಳಿಸಿದೆವು. ಪ್ರತಿ ಸಲವೂ ತಾಯಿಗೇ ಫೋನು ಕೊಡಿ ಎಂದು ಹಟ ಹಿಡಿದೆ. ಅತ್ತೆಯಂದಿರಿಗೆ ಸಿಟ್ಟು ಬಂತು, ಬರಲಿ.

ಕಾಲಮ್ಮಿನಲ್ಲಿ ಇನ್ನು ಬರೆಯಬಹುದಾದದ್ದು ಮೂರೇ ಎಂದು ಗೊತ್ತುಮಾಡಿದೆವು. 'ಕಾರ್ಡ್ ನೋಡಿದೆ.' 'ಕಾರ್ಡಿನ ಫೋಟೊ ನೋಡಿದೆ.' ಎರಡೂ ಇಲ್ಲದಿದ್ದರೆ 'ಗೊತ್ತಿಲ್ಲ.' ಇಪ್ಪತ್ತು ವರ್ಷದ ನೌಕರಿಯಲ್ಲಿ ಗೊತ್ತಿಲ್ಲ ಎಂದು ನಾನು ಎಲ್ಲೂ ಬರೆದವಳಲ್ಲ.

ಹುಬ್ಬಳ್ಳಿಯಿಂದ ದಿನಾ ಸುದ್ದಿ ಬರುತ್ತಿತ್ತು. ನಾಲ್ಕನೆಯ ದಿನಕ್ಕೆ ಪೊರೆ ಬಿಡತೊಡಗಿತು. ಆರನೆಯ ದಿನ ಬಾವು ಇಳಿಯಿತು, ಗಂಜಿ ಕುಡಿದಳು. ನಮ್ಮ ವಿಭಾಗದಲ್ಲಿ ಎಲ್ಲರೂ ನನಗೇ ಶಹಬಾಸ್ ಹೇಳಿದರು. ಸಮಯಕ್ಕೆ ಸರಿಯಾಗಿ ನಿಜ ಹೇಳಿದೆ, ಮಗು ಉಳಿಯಿತು ಎಂದು. ನಾನೂ ಹಾಗೆ ನಂಬತೊಡಗಿದ್ದೆ. ತಪ್ಪು ನನ್ನದೇ ಎಂಬುದನ್ನು ಮರೆತು, ಒಪ್ಪಿಕೊಂಡದ್ದನ್ನೇ ದೊಡ್ಡದು ಮಾಡಿಕೊಂಡಿದ್ದೆ. ಡಾಕ್ಟರು ಮಾತ್ರ "ಎರಡು ವಾರ ದಾಟಲಿ ಸಿಸ್ಟರ್, ಹೃದಯದ್ದು ಈಗಲೇ ಹೇಳೋಕಾಗಲ್ಲ" ಎನ್ನುತ್ತಿದ್ದರು.

ಹನ್ನೊಂದನೆಯ ದಿನ ಬೆಳಿಗ್ಗೆ ಹುಡುಗಿ ಎದ್ದು ಕೂತು, ದನಿ ಇನ್ನೂ ಬಾರದೆ ಕೈಸನ್ನೆ ಮಾಡಿ ಚಹಾ ಕೇಳಿದಳಂತೆ. ಕುಡಿದು, ತಾಯಿಯ ತೋಳಿಗೆ ಒರಗಿದಳಂತೆ. ನಾಡಿ ಇಳಿಯುತ್ತಾ ಹೋಯಿತು. ಅಲ್ಲಿಯವರು ಮಾಡಬೇಕಾದದ್ದೆಲ್ಲ ಮಾಡಿದರು. ಮೊದಲ ಮೂರು ದಿನದಲ್ಲಿ ಹೃದಯಕ್ಕೆ ಹೋಗಿ ಸೇರಿದ್ದ ವಿಷವನ್ನು ಯಾವ ಮದ್ದೂ ಹಿಂದಕ್ಕೆ ತರಲಾರದು.

ಡಾಕ್ಟರು ಬಂದು ಹೇಳಿದಾಗ ನಾನು ಒಬ್ಬ ಮುದುಕನ ಕೈಗೆ ಸಲೈನ್ ಹಚ್ಚುತ್ತಿದ್ದೆ. ಹಚ್ಚಿ ಮುಗಿಸಿದೆ, ಟೇಪು ಅಂಟಿಸಿದೆ, ಹನಿ ಸರಿಮಾಡಿದೆ. ಆಮೇಲೆ ಸಾಮಾನಿನ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡು ಅತ್ತುಬಿಟ್ಟೆ. ಬಹಳ ಹೊತ್ತು ಅಳುತ್ತಿದ್ದೆ. ಆ ಹುಡುಗಿಯ ಸಾವಿನಲ್ಲಿ ನನ್ನ ಪಾಲಿದೆ. ಅವಳು ಮೊದಲ ಸಲ ಬಂದ ದಿನವೇ ಬಾಕಿ ಲಸಿಕೆ ಶುರುಮಾಡಿದ್ದರೆ ಸಂಕ್ರಾಂತಿಯ ಹೊತ್ತಿಗೆ ಎರಡು ಡೋಸಾದರೂ ಮೈಯಲ್ಲಿರುತ್ತಿತ್ತು. ಲಸಿಕೆ ಕೋಣೆ ನನ್ನ ಮೇಜಿನಿಂದ ಹದಿನೈದು ಹೆಜ್ಜೆ. ಈ ಲೆಕ್ಕವನ್ನು ಯಾರೂ ನನ್ನಿಂದ ಕೇಳಲಿಲ್ಲ, ನಾನೇ ಹಾಕಿಕೊಂಡೆ.

ಆ ಮನೆಗೆ ಹೋಗಬೇಕೆಂದು ಎರಡು ಸಲ ಹೊರಟು ಬಸ್ ನಿಲ್ದಾಣದಿಂದ ಹಿಂದಿರುಗಿದೆ. ಹೋಗಿ ಏನು ಹೇಳುವುದು? ಗಂಡು ಕೂಸಿಗೂ ಓಣಿಯ ಉಳಿದ ಮಕ್ಕಳಿಗೂ ಆರೋಗ್ಯ ಇಲಾಖೆಯವರು ಊರಿಗೇ ಹೋಗಿ ಬಾಕಿ ಲಸಿಕೆ ಕೊಟ್ಟು ಬಂದರು ಎಂದು ಕೇಳಿ ಅಷ್ಟಕ್ಕೆ ಸುಮ್ಮನಾದೆ.

ಶಿವರಾತ್ರಿ ಕಳೆದ ಮೇಲೆ ಒಂದು ಬೆಳಿಗ್ಗೆ ಸೊಸೆ ತಾನೇ ಬಂದಳು. ಕೂಸು ಅವಳ ತೋಳಲ್ಲಿತ್ತು, ಅತ್ತೆ ಎರಡು ಹೆಜ್ಜೆ ಹಿಂದೆ. ನಾನು ಕುರ್ಚಿಯಿಂದ ಎದ್ದುಬಿಟ್ಟೆ.

"ಏನಾತು ಕೂಸಿಗೆ?"

"ಏನೂ ಆಗಿಲ್ಲರಿ. ಒಂಬತ್ತು ತಿಂಗಳ ತುಂಬಿದ್ವು. ಸೂಜಿ ಹಾಕ್ಸಾಕ ಬಂದೇನಿ."

"ಊರಾಗ ಗುರುವಾರ ಕೊಡ್ತಾರ ಅಂದ್ರೂ ಕೇಳಲಿಲ್ಲರಿ" ಎಂದರು ಅತ್ತೆ. "ಆ ಬಾಯಾರ ಹಂತ್ಯಾಕ ಹೋಗೂದು ಅಂದ್ಳು." ಅವರು ಬಹಳ ಇಳಿದುಹೋಗಿದ್ದರು. ನನ್ನ ಮುಖವನ್ನು ನೋಡುತ್ತಿರಲಿಲ್ಲ. ನಾನೂ ಅವರದನ್ನು ನೋಡಲಿಲ್ಲ.

ಸೊಸೆಯ ಎದುರು ನಿಂತು "ತಂಗಿ, ನನ್ನಿಂದ ತಪ್ಪಾತು" ಎಂದೆ. ಇಷ್ಟು ದಿನ ನೂರು ತರಹ ಜೋಡಿಸಿಕೊಂಡಿದ್ದ ಮಾತುಗಳಲ್ಲಿ ಬಾಯಿಗೆ ಬಂದದ್ದು ಅದೊಂದೇ. ಕ್ಷಮಿಸಿದೆ ಎನ್ನುವ ಮಾತನ್ನು ನಾನು ಬಯಸಿದ್ದೆನೋ ಏನೋ, ಅದು ಬರಲಿಲ್ಲ. ಅವಳು ಕೂಸನ್ನು ಈ ತೋಳಿನಿಂದ ಆ ತೋಳಿಗೆ ಬದಲಿಸಿಕೊಂಡು, "ಎಲ್ಲಿ ಹಾಕ್ತಾರ್ರಿ?" ಎಂದು ಕೇಳಿದಳು.

ಮೂವರನ್ನೂ ಲಸಿಕೆ ಕೋಣೆಗೆ ಕರೆದುಕೊಂಡು ಹೋದೆ. ಅಲ್ಲಿನ ಸಿಸ್ಟರನ್ನು ಕೇಳಿಕೊಂಡು ನಾನೇ ಕೊಡಲು ನಿಂತೆ. ಸೊಸೆ ಕೂತು, ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕೈಕಾಲು ಗಟ್ಟಿಯಾಗಿ ಹಿಡಿದಳು. ಸೂಜಿ ಚುಚ್ಚಿದ ಕೂಡಲೇ ಕೂಸು ಒಂದು ಕ್ಷಣ ಉಸಿರು ಹಿಡಿದು, ಆಮೇಲೆ ಕೋಣೆ ಹಾರಿಹೋಗುವ ಹಾಗೆ ಕಿರುಚಿತು. ಅತ್ತೆ ಗಾಬರಿಯಾಗಿ ಮುಂದೆ ಬಂದು, "ಸುಮ್ಕಿರು ನನ ಕಂದಾ, ಸುಮ್ಕಿರು, ಆತು ಆತು" ಎಂದು ಅದರ ಬಾಯಿಯ ಹತ್ತಿರ ಕೈ ಒಯ್ದರು.

"ಅಳ್ಳಿ ಬಿಡ್ರಿ ಅತ್ತಿ" ಎಂದಳು ಸೊಸೆ. ಅವಳು ಅತ್ತೆಗೆ ಎದುರಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ದನಿ ಐತಿ ಅವನಿಗೆ. ಅಳ್ಳಿ."

ಅತ್ತೆ ಕೈ ಹಿಂದಕ್ಕೆ ತೆಗೆದುಕೊಂಡರು. ಕೂಸು ಅಳುತ್ತಲೇ ಇತ್ತು. ನಾವು ಮೂವರೂ ಅದು ಸಾಕೆನ್ನುವವರೆಗೆ ಕೇಳುತ್ತ ಇದ್ದೆವು.